ಎಂಟು ಬಾಯಿಯ ಕಾರ್ಡು ಮತ್ತು ಅರ್ಧ ಕಪ್ಪು ಚಹಾ

ಮೊನ್ನೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ನನ್ನ ಹೆಂಡತಿ ಪದ್ಮಾ ಮೊರದ ಅಂಚಿನಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಹಿಡಿದು, ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದಳು. ಕರ್ರಗಿನ ಚೂರು, ಅಕ್ಕಿಕಾಳಿಗಿಂತ ತುಸು ದಪ್ಪ. ಮೊದಲು ಇಲಿಯ ಹಿಕ್ಕೆ ಎಂದುಕೊಂಡಳಂತೆ. ಒತ್ತಿ ನೋಡಿದರೆ ಗಟ್ಟಿಯಾಗಿತ್ತು, ಒಳಗೆ ಲೋಹದ ಹೊಳಪೂ ಇತ್ತು.

"ಇದು ಇಲೀದಲ್ರಿ, ನಿಮ್ಮದು," ಎಂದು ನನ್ನ ಅಂಗೈಯಲ್ಲಿಟ್ಟಳು.

ನನ್ನದೇ ಹೌದು. ಅದು ಜಂಪರ್. ಜಂಪರ್ ಎಂದರೆ ನಮ್ಮ ಧಾರವಾಡದ ಕಡೆ ಹೆಂಗಸರು ಸೀರೆಯ ಜೊತೆ ತೊಡುವುದು ಎಂಬುದು ನನಗೂ ಗೊತ್ತು. ಆ ಬಗ್ಗೆ ಮಾಡಬಹುದಾದ ಚೇಷ್ಟೆಗಳನ್ನೆಲ್ಲ ಬೈಲಹೊಂಗಲದ ನನ್ನ ಅತ್ತೆಮನೆಯವರು ಮದುವೆಯ ವರ್ಷವೇ ಮಾಡಿ ಮುಗಿಸಿದ್ದಾರೆ, ನೀವು ಮತ್ತೆ ತೊಂದರೆ ತೆಗೆದುಕೊಳ್ಳಬೇಡಿ. ನಾನು ಹೇಳುವ ಜಂಪರ್ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಟೊಪ್ಪಿಗೆ. ಕಂಪ್ಯೂಟರಿನ ಹಲಗೆಯ ಮೇಲೆ ಸಾಲಾಗಿ ನಿಂತಿರುವ ಸೂಜಿಯಂಥ ಪಿನ್ನುಗಳಲ್ಲಿ ಅಕ್ಕಪಕ್ಕದ ಎರಡಕ್ಕೆ ತೊಡಿಸಿದರೆ ಅವೆರಡೂ ಕೂಡಿಕೊಳ್ಳುತ್ತವೆ, ತೆಗೆದರೆ ಬೇರೆಯಾಗುತ್ತವೆ. ಇಷ್ಟೇ ಅದರ ಕೆಲಸ. ಈ ಇಷ್ಟೇ ಕೆಲಸದ ಮೇಲೆ ನಾನು ಪಿಂಪ್ರಿ-ಚಿಂಚವಾಡದಲ್ಲಿ ಸಂಸಾರ ನಡೆಸಿದೆ, ನಿಗಡಿಯಲ್ಲಿ ಫ್ಲ್ಯಾಟು ಕೊಂಡೆ, ನಾಲ್ಕು ಜನರೆದುರು ದೊಡ್ಡ ಮನುಷ್ಯನಂತೆ ಓಡಾಡಿದೆ.

ಆಗಿನ ಕಂಪ್ಯೂಟರಿಗೆ ಹೊರಗಿನ ಯಂತ್ರಗಳ ಜೊತೆ ಮಾತಾಡಲು ಒಂದೋ ಎರಡೋ ಬಾಯಿ ಇರುತ್ತಿದ್ದವು. ಕಾರ್ಖಾನೆಯವರಿಗೆ ಅಷ್ಟು ಸಾಲದು. ತೂಕದ ಯಂತ್ರ, ಅಳತೆಯ ಯಂತ್ರ ಎಲ್ಲವೂ ಒಂದೇ ಕಂಪ್ಯೂಟರಿಗೆ ವರದಿ ಒಪ್ಪಿಸಬೇಕು. ಅದಕ್ಕೆಂದೇ ಸೀರಿಯಲ್ ಕಾರ್ಡು ಎಂಬ ಹಸಿರು ಹಲಗೆ ಬರುತ್ತಿತ್ತು. ಅದನ್ನು ಒಳಗೆ ಸಿಕ್ಕಿಸಿದರೆ ಇನ್ನೂ ಎಂಟು ಬಾಯಿ. ಆದರೆ ಸಿಕ್ಕಿಸುವ ಮೊದಲು ಆ ಕಾರ್ಡಿನ ಮನೆ ನಂಬರು ಯಾವುದು, ಕರೆಗಂಟೆ ಯಾವುದು ಎಂದು ಜಂಪರ್ ಹಾಕಿ ಹೇಳಬೇಕು. ನಾನು ಪುಣೆಗೆ ಹೊಸದಾಗಿ ಬಂದಾಗ ಒಂದು ಹಳೆಯ ವಾಡೆಯಲ್ಲಿ ಕೋಣೆ ಹಿಡಿದಿದ್ದೆ. ಒಳಗೆ ಹಲವು ಸಂಸಾರ, ಹೊರಬಾಗಿಲಿಗೆ ಒಂದೇ ಗಂಟೆ. ಅದನ್ನು ಬಾರಿಸಿದರೆ ಒಂದೋ ಎಲ್ಲರೂ ಒಟ್ಟಿಗೆ ಬಂದು ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತಿದ್ದರು, ಇಲ್ಲವೇ ಇನ್ನೊಬ್ಬರು ತೆಗೆಯುತ್ತಾರೆಂದು ಯಾರೂ ಏಳುತ್ತಿರಲಿಲ್ಲ. ಕಂಪ್ಯೂಟರಿನೊಳಗೆ ಇಬ್ಬರಿಗೆ ಒಂದೇ ಗಂಟೆ ಕೊಟ್ಟರೆ ಆಗುವುದೂ ಹೀಗೇ. ಇದನ್ನು ತಿಳಿದವರು ಊರಲ್ಲಿ ಆಗ ಕಡಿಮೆ ಇದ್ದರು. ತಿಳಿಯದವರಿಗೆ ಸುಲಭವಾಗಿ ತಿಳಿಸಿಬಿಡುವ ಆತುರ ನನಗೂ ಇರಲಿಲ್ಲ.

ಕಾರ್ಡು ಮುಟ್ಟುವಾಗ ನಾನು ಆಚರಿಸುತ್ತಿದ್ದ ಮಡಿ ನೋಡಬೇಕಿತ್ತು ನೀವು. ಮೈಯಲ್ಲಿನ ವಿದ್ಯುತ್ತು ತಾಗಿ ಕಾರ್ಡು ಕೆಡಬಾರದೆಂದು ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟುವುದು, ಉಣ್ಣೆಯ ಬಟ್ಟೆ ಕಳಚಿಡುವುದು. ಸುತ್ತ ಇದ್ದವರಿಗೆಲ್ಲ ದೂರ ನಿಲ್ಲುವ ಆಜ್ಞೆ. ಅವ್ವ ಅಡಿಗೆಮನೆಯಲ್ಲಿ ಮಡಿಯುಟ್ಟು ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿದರೆ ನಾನು ವಿಜ್ಞಾನ ಮಾತಾಡಿ ರೇಗಿಸುತ್ತಿದ್ದೆ. ಅದೇ ನಾನು ಮನೆಯ ಮೇಜಿನ ಮೇಲೆ ಕಾರ್ಡು ಹರವಿಕೊಂಡು ಕೂತಾಗ, ಧೂಳು ಒರೆಸಲು ಬಂದ ಪದ್ಮಾಳಿಗೆ "ಮುಟ್ಟಬ್ಯಾಡ" ಎಂದು ಅರಚುತ್ತಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಮೇಜನ್ನು ಬಿಟ್ಟು ಉಳಿದ ಮನೆಯನ್ನೆಲ್ಲ ಒರೆಸುತ್ತಿದ್ದಳು. ನನ್ನ ಮೇಜಿನ ಮೇಲಿನ ಧೂಳಿಗೆ ಹೀಗೆ ಒಂದು ಪಾವಿತ್ರ್ಯ ಬಂದುಬಿಟ್ಟಿತ್ತು.

ಈ ಜಂಬ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಧಾರವಾಡದಲ್ಲಿ ಕಚೇರಿಯ ಗುಮಾಸ್ತ. ಹಗಲೆಲ್ಲ ಸಾಹೇಬರೆದುರು ಬಗ್ಗಿ ನಿಲ್ಲುವ ಮನುಷ್ಯ ಮನೆಯ ಫ್ಯೂಜು ಹಾರಿದ ಸಂಜೆ ಮಾತ್ರ ರಾಜನಾಗುತ್ತಿದ್ದ. ಸ್ಟೂಲು ಬರಬೇಕು, ತಂತಿಯ ಸುರುಳಿ ಬರಬೇಕು, ಅವ್ವ ಚಿಮಣಿ ದೀಪ ಹಿಡಿದು ನಿಲ್ಲಬೇಕು, ನಾವು ಮಕ್ಕಳು ಉಸಿರು ಬಿಗಿಹಿಡಿದಿರಬೇಕು. ದೀಪ ಹೊತ್ತಿಕೊಂಡ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ, ತಾನಿಲ್ಲದಿದ್ದರೆ ಈ ಮನೆ ಕತ್ತಲಲ್ಲೇ ಇರುತ್ತಿತ್ತು ಎನ್ನುತ್ತಿದ್ದ. ಅಪ್ಪ ತೀರಿದ ಎಷ್ಟೋ ವರ್ಷಗಳ ಮೇಲೆ ಅವ್ವ ಒಮ್ಮೆ ಹಪ್ಪಳ ಒತ್ತುತ್ತ ಹೇಳಿದಳು: ಫ್ಯೂಜು ಹಗಲು ಹೊತ್ತಿನಲ್ಲೂ ಹಾರುತ್ತಿತ್ತಂತೆ. ಅಪ್ಪ ಕಚೇರಿಯಲ್ಲಿದ್ದಾಗ ಅವಳೇ ಸ್ಟೂಲು ಹತ್ತಿ ತಂತಿ ಹಾಕಿಬಿಡುತ್ತಿದ್ದಳಂತೆ. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಪಾಪ, ಅವರಿಗೆ ಅದೊಂದ ಇತ್ತು," ಎಂದಳು. ಆ ಮಾತಿಗೆ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಅದು ಅಪ್ಪನ ಬಗ್ಗೆ ಮಾತ್ರ ಎಂದುಕೊಂಡು ನಕ್ಕಿದ್ದೆ.

ಈಗ ಹೋದ ವರ್ಷದ ಮಾತು. ದಸರೆಯ ಮರುದಿನ ರಾಂಜಣಗಾಂವದ ಒಂದು ಕಾರ್ಖಾನೆಯಿಂದ ಫೋನು ಬಂತು. ಗಾಡಿಗಳ ಗೇರು ಮಾಡುವ ಜಾಗ. ಅಲ್ಲಿಯ ತಪಾಸಣೆ ವಿಭಾಗದಲ್ಲಿ ನಾನು ಹರೆಯದಲ್ಲಿ ಕೂರಿಸಿದ ಒಂದು ಕಂಪ್ಯೂಟರು ಇನ್ನೂ ಉಸಿರಾಡುತ್ತಿದೆ. ಎಂಟು ಅಳತೆಯ ಯಂತ್ರಗಳು ಅದರ ಎಂಟು ಬಾಯಿಗಳಿಗೆ ಕಟ್ಟಿಕೊಂಡಿವೆ. ಆ ಯಂತ್ರಗಳಿಗೆ ಬೇರೆ ಕಂಪ್ಯೂಟರಿನ ಭಾಷೆ ಬರುವುದಿಲ್ಲ, ಈ ಕಂಪ್ಯೂಟರಿಗೆ ಬೇರೆ ಯಂತ್ರದ ಭಾಷೆ ಬರುವುದಿಲ್ಲ. ಹೀಗಾಗಿ ಎರಡೂ ಕಡೆಯವರು ಹೊಂದಿಕೊಂಡು ಹೊರಟಿದ್ದಾರೆ, ನಾನೂ ಪದ್ಮಾಳೂ ಇದ್ದಂತೆ.

ಫೋನು ಮಾಡಿದವಳು ಆ ವಿಭಾಗ ನೋಡಿಕೊಳ್ಳುವ ಮೃಣಾಲ. ಚುರುಕಿನ ಹುಡುಗಿ. ಅವಳು ಹೇಳಿದ್ದರ ಸಾರಾಂಶ ಇಷ್ಟು. ಖಂಡೇನವಮಿಗೆ ಯಂತ್ರಗಳನ್ನೆಲ್ಲ ತೊಳೆದು ಒರೆಸಿ ಪೂಜೆ ಮಾಡುವ ಪದ್ಧತಿ ಅಲ್ಲಿದೆ. ಈ ಸಲ ತಾನಾಜಿ ಎಂಬ ಹಿರಿಯ ಆಪರೇಟರು ಭಕ್ತಿ ಹೆಚ್ಚಾಗಿ ಕಂಪ್ಯೂಟರಿನ ಒಳಗನ್ನೂ ಸ್ವಚ್ಛ ಮಾಡಿದ್ದಾನೆ. ಕಾರ್ಡನ್ನು ಹೊರಗೆ ತೆಗೆದು, ಅಭ್ಯಂಗಕ್ಕೆ ಮೊದಲು ಒಡವೆ ತೆಗೆದಿಡುವಂತೆ ಜಂಪರುಗಳನ್ನೆಲ್ಲ ತಾಟಿನಲ್ಲಿ ತೆಗೆದಿಟ್ಟು, ಬ್ರಷ್ಷಿನಿಂದ ಉಜ್ಜಿ, ಮತ್ತೆ ತೊಡಿಸಿದ್ದಾನೆ. ಮೊದಲು ಅವು ಒಂದು ಇಲ್ಲಿ ಒಂದು ಅಲ್ಲಿ ಹಲ್ಲು ಬಿದ್ದ ಬಾಯಿಯಂತೆ ಇದ್ದವಂತೆ. ಹಬ್ಬದ ದಿನ ಹಾಗಿರುವುದು ಸರಿಯಲ್ಲವೆಂದು ಎಲ್ಲವನ್ನೂ ಅಂಚಿನಿಂದ ಒತ್ತೊತ್ತಾಗಿ ಒಂದೇ ಸಾಲಿನಲ್ಲಿ ಕೂಡಿಸಿದ್ದಾನೆ. ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಕೈಮುಗಿದಿದ್ದಾನೆ. ಅಂದಿನಿಂದ ಎಂಟು ಯಂತ್ರಗಳೂ ಮೌನವ್ರತ ಹಿಡಿದಿವೆ.

ಮ್ಯಾನೇಜರರು ಸಂಜೆಯವರೆಗೆ ನೋಡುತ್ತಾರಂತೆ. ಆಗದಿದ್ದರೆ ಆ ಕಂಪ್ಯೂಟರನ್ನೂ ಎಂಟು ಯಂತ್ರಗಳನ್ನೂ ಗುಜರಿಗೆ ಹಾಕಿ ಹೊಸದು ತರಿಸುವುದಂತೆ. ನಾನು ಕೂರಿಸಿದ ನೂರಾರು ಕಾರ್ಡುಗಳಲ್ಲಿ ಇನ್ನೂ ಕೆಲಸದಲ್ಲಿ ಇರುವುದು ಅದೊಂದೇ. ಅದು ಗುಜರಿಗೆ ಹೋದ ದಿನದಿಂದ ನಾನು ಬರೀ ನಿಗಡಿಯ ಒಬ್ಬ ಮುದುಕ.

ಮೃಣಾಲ ಸಲಹೆ ಕೊಟ್ಟಳು: ಕಾಕಾ, ನೀವು ಇಷ್ಟು ದೂರ ಯಾಕೆ ಬರುತ್ತೀರಿ, ವಿಡಿಯೋ ಕಾಲ್ ಮೇಲೆ ಯಾವ ಜಂಪರ್ ಎಲ್ಲಿ ಅಂತ ಹೇಳಿ, ನಾವು ಹಾಕುತ್ತೇವೆ. ಮಾತು ನೂರಕ್ಕೆ ನೂರು ಸರಿ ಇತ್ತು. ಆದ್ದರಿಂದಲೇ ನನಗೆ ಹಿಡಿಸಲಿಲ್ಲ. ಇದು ಫೋನಿನಲ್ಲಿ ಹೇಳುವಂಥದ್ದಲ್ಲ, ಕೈಗೆ ಅಭ್ಯಾಸ ಬೇಕಾಗುತ್ತದೆ, ನಾನೇ ಬರುತ್ತೇನೆ, ಗಾಡಿ ಕಳಿಸಿ ಎಂದುಬಿಟ್ಟೆ.

ಫೋನು ಇಟ್ಟ ಮೇಲೆ ಕೈ ನೋಡಿಕೊಂಡೆ. ಅದು ನಡುಗುತ್ತಿತ್ತು.

ಈ ನಡುಕ ಬಂದು ಕೆಲಕಾಲವಾಗಿತ್ತು. ಬಲಗೈ, ಅದರಲ್ಲೂ ಹೆಬ್ಬೆರಳು ಮತ್ತು ತೋರುಬೆರಳು, ನನ್ನನ್ನು ಕೇಳದೆ ಕುಣಿಯತೊಡಗಿದ್ದವು. ಡಾಕ್ಟರು ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಂಡಿದ್ದರು. ನಾನು ಯಾರಿಗೂ ಹೇಳಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಮಾತಾಡುವ ಗಂಭೀರ ಭಂಗಿಯೊಂದನ್ನು ಕಲಿತಿದ್ದೆ, ನೋಡಿದವರು ಸಾಹಿತಿ ಎಂದುಕೊಳ್ಳಬೇಕು. ಪದ್ಮಾಳಿಗೂ ಗೊತ್ತಿಲ್ಲವೆಂದೇ ನನ್ನ ಲೆಕ್ಕ. ಅವಳು ಮಾತ್ರ ಅದೇ ಸುಮಾರಿಗೆ ನನಗೆ ಅರ್ಧ ಕಪ್ಪು ಚಹಾ ಕೊಡುವ ಹೊಸ ರೂಢಿ ಶುರುಮಾಡಿದ್ದಳು. ಹಾಲಿನ ದರ ಏರಿದ್ದಕ್ಕೆ ಇರಬೇಕೆಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ. ಮುಗಿದ ಮೇಲೆ ಮತ್ತೆ ಅರ್ಧ ಕಪ್ಪು ತಂದುಕೊಡುತ್ತಿದ್ದಳು. ಹಾಲು ಉಳಿಸುವ ಲಕ್ಷಣ ಇದಲ್ಲ ಎಂದು ನನ್ನಂಥ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ನಾನು ಅಂಗಿ ತೊಡುವಷ್ಟರಲ್ಲಿ ಅವಳು ಸೀರೆ ಬದಲಿಸಿ ತಯಾರಾಗಿ ನಿಂತಿದ್ದಳು. ಹ್ಯಾಗೂ ರಾಂಜಣಗಾಂವಕ್ಕೆ ಗಾಡಿ ಹೋಗುತ್ತದೆ, ಗಣಪತಿಯ ದರ್ಶನ ಆಗುತ್ತದೆ ಎಂದಳು. ಬೇಡವೆನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ದಾರಿಯುದ್ದಕ್ಕೂ ಅವಳು ತೊಡೆಯ ಮೇಲೆ ಅರಳೆಯ ಚೀಲ ಇಟ್ಟುಕೊಂಡು ಗೆಜ್ಜೆವಸ್ತ್ರ ಹೊಸೆಯುತ್ತಿದ್ದಳು. ಗೊತ್ತಲ್ಲ, ದೇವರಿಗೆ ಏರಿಸುವ ಹತ್ತಿಯ ಮಾಲೆ. ಅರಳೆ ಎಳೆದು, ಬೆರಳ ತುದಿಯಲ್ಲಿ ಹಿಂಜಿ, ಒಂದೇ ಅಂತರಕ್ಕೆ ಗಂಟು ಕಟ್ಟುತ್ತ ಹೋಗಬೇಕು. ಹೆದ್ದಾರಿಯ ಗುಂಡಿಗಳಲ್ಲಿ ಗಾಡಿ ಎಗರುತ್ತಿತ್ತು, ಅವಳ ಗಂಟುಗಳು ಮಾತ್ರ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿದ್ದವು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕಾರ್ಖಾನೆಯಲ್ಲಿ ಬರಮಾಡಿಕೊಂಡದ್ದು ಜೋರಾಗಿಯೇ ಇತ್ತು. ಮೃಣಾಲ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತಾನಾಜಿ ಪೆಚ್ಚುಮೋರೆ ಹಾಕಿಕೊಂಡು, "ಸಗಳೇ ಏಕಾ ರಾಂಗೇತ ಲಾವಲೇ ಹೋತೇ, ಕಾಕಾ," ಎಂದ. ಎಲ್ಲವನ್ನೂ ಒಂದೇ ಸಾಲಿಗೆ ಹಚ್ಚಿದ್ದೆ ಎಂಬ ಅವನ ಮಾತಿನಲ್ಲಿ ತಪ್ಪಿನ ಅಳುಕಿಗಿಂತ, ಇಷ್ಟು ಚೆಂದ ಮಾಡಿದರೂ ಮುನಿದ ಕಂಪ್ಯೂಟರಿನ ಮೇಲಿನ ಬೇಸರವೇ ಹೆಚ್ಚಿತ್ತು. ಕಾರ್ಡು ನೋಡಿದೆ. ಸುಳ್ಳು ಯಾಕೆ ಹೇಳಲಿ, ನಿಜಕ್ಕೂ ಚೆಂದ ಕಾಣುತ್ತಿತ್ತು. ಮೂಲೆಯಲ್ಲಿ ಕುಂಕುಮದ ಬೊಟ್ಟು ಬೇರೆ.

ಅಷ್ಟರಲ್ಲಿ ತಾನಾಜಿಯೇ ಚಹಾ ತಂದ. ಪ್ರೀತಿಯಿಂದ ಅಂಚಿನವರೆಗೆ ತುಂಬಿದ ಕಪ್ಪು. ನಾನು ಎಡಗೈಯಿಂದ ಬಲಗೈ ಹಿಡಿದುಕೊಂಡು, ಆ ಕಪ್ಪನ್ನು ಹಾವನ್ನು ನೋಡಿದಂತೆ ನೋಡಿದೆ. ಪದ್ಮಾ ಏನೂ ಆಗದವಳಂತೆ ಅದನ್ನು ಎತ್ತಿಕೊಂಡು, ಅರ್ಧವನ್ನು ಬಶಿಗೆ ಸುರಿದು ತಾನಿಟ್ಟುಕೊಂಡು, ಉಳಿದರ್ಧ ನನ್ನ ಮುಂದೆ ಇಟ್ಟಳು. ಇವರಿಗೆ ಯಾವಾಗಲೂ ಅರ್ಧವೇ ಸೇರುವುದು ಎಂದು ತಾನಾಜಿಗೆ ಮರಾಠಿಯಲ್ಲಿ ಹೇಳಿದಳು. ಅರ್ಧ ಕಪ್ಪಿಗೂ ಹಾಲಿನ ದರಕ್ಕೂ ಸಂಬಂಧವಿಲ್ಲವೆಂದು ನನಗೆ ಆಗ ಹೊಳೆಯಿತು.

ಚಹಾ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿದೆ. ಪದ್ಮಾಳ ಅರಳೆಯ ಚೀಲ ಮಾತ್ರ ಮೇಜಿನ ಕೆಳಗೇ ಉಳಿಯಿತು. ಮೈಯ ವಿದ್ಯುತ್ತು, ಕಾರ್ಡಿನ ನಾಜೂಕು ಎಂದು ಹಳೆಯ ಮಂತ್ರವನ್ನೆಲ್ಲ ಹೇಳಿ ಬಾಗಿಲು ಹಾಕಿಕೊಂಡೆ. ಕಾರ್ಡನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಕೂತೆ. ಯಾವ ಜಂಪರ್ ಎಲ್ಲಿ ಎನ್ನುವುದು ನನ್ನ ತಲೆಯಲ್ಲಿ ಸ್ವಚ್ಛವಾಗಿತ್ತು. ಮೇಲಿನ ಸಾಲಿನಲ್ಲಿ ಮನೆ ನಂಬರು, ಕೆಳಗಿನ ಸಾಲಿನಲ್ಲಿ ಗಂಟೆ. ತಾನಾಜಿ ಹಾಕಿದ್ದನ್ನೆಲ್ಲ ತೆಗೆದದ್ದಾಯಿತು. ತೆಗೆಯುವುದಕ್ಕೆ ನಡುಕದಿಂದ ಸಹಾಯವೇ ಆಯಿತು ಎನ್ನಬೇಕು. ಹಾಕಲು ಹೋದಾಗ ಶುರುವಾಯಿತು ಫಜೀತಿ. ಚಿಮಟದಲ್ಲಿ ಹಿಡಿದ ಜಂಪರು ಪಿನ್ನಿನ ಹತ್ತಿರ ಹೋಗುತ್ತದೆ, ಹೊಸ ಮದುಮಗಳಂತೆ ಹಿಂದೆ ಸರಿಯುತ್ತದೆ, ಪಕ್ಕದ ಪಿನ್ನಿಗೆ ಒರಗುತ್ತದೆ, ಟಣ್ಣನೆ ಹಾರಿ ಮೇಜಿನ ಕೆಳಗೆ ಹೋಗುತ್ತದೆ. ನಾನು ಮೇಜಿನ ಕೆಳಗೆ ತೂರಿ ಹುಡುಕುತ್ತೇನೆ, ಮತ್ತೆ ಕೂರುತ್ತೇನೆ, ಅದು ಮತ್ತೆ ಹಾರುತ್ತದೆ. ಒಂದು ಪಿನ್ನು ಬಾಗಿಯೇ ಬಿಟ್ಟಿತು. ಇನ್ನೊಮ್ಮೆ ಹೀಗಾದರೆ ಅದು ಮುರಿಯುತ್ತದೆ, ಮುರಿದರೆ ಎಲ್ಲ ಮುಗಿಯಿತು. ಹೊರಗೆ ಗಾಜಿನಾಚೆ ಮೃಣಾಲ ಗಡಿಯಾರ ನೋಡುತ್ತಿದ್ದಳು. ಅಳು ಬರುವಂತಾಯಿತು ನನಗೆ, ನಿಜವಾಗಿ.

ಬಾಗಿಲು ತೆರೆಯಿತು. ಯಾರೂ ಬರಬಾರದು ಎಂದು ಮೇಜಿನ ಕೆಳಗಿನಿಂದಲೇ ಗದರಿಸಿದೆ. ಕಂಡದ್ದು ಪದ್ಮಾಳ ಚಪ್ಪಲಿಗಳು. ಅವಳು ನನ್ನ ಕುರ್ಚಿಯಲ್ಲಿ ಕೂತು, ಹೇಳದೆಯೇ ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಕನ್ನಡಕ ಸರಿಮಾಡಿಕೊಂಡಳು. ಇಷ್ಟು ವರ್ಷ ಹೊಸ್ತಿಲಾಚೆ ನಿಂತು ನೋಡಿದವಳಿಗೆ ಮಡಿ ಬಾಯಿಪಾಠ ಬಂದಿತ್ತು.

"ನಿನಗ ತಿಳಿಯೂದಿಲ್ಲ ಪದ್ಮಾ, ಏಳು," ಎಂದೆ.

"ತಿಳಿಯೂದು ನಿಮಗ ಅದಲಾ, ಹೇಳ್ರಿ. ಕೈ ನಂದಿರ್ಲಿ."

ಹೇಳಿದೆ. ಬೇರೆ ಏನು ಮಾಡಲಿ? ಮೊದಲು ಆ ಬಾಗಿದ ಪಿನ್ನನ್ನು ಅವಳು ಉಗುರಿನಿಂದ ಮೆಲ್ಲಗೆ ನೆಟ್ಟಗೆ ಮಾಡಿದಳು. ಚಿಮಟವನ್ನು ಪಕ್ಕಕ್ಕಿಟ್ಟು, ಜಂಪರನ್ನು ಬೆರಳ ತುದಿಯಲ್ಲೇ ಹಿಡಿದು, ಗೆಜ್ಜೆವಸ್ತ್ರದ ಗಂಟು ಒತ್ತುವ ಹಾಗೆಯೇ ಒತ್ತಿದಳು. ಚಕ್ ಎಂದು ಕೂತಿತು. ಮೇಲಿನ ಸಾಲು ಮುಗಿಯಿತು, ಕೆಳಗಿನದೂ ಮುಗಿಯಿತು. ನಡುವೆ ಬಾಗಿಲು ಸರಿಸಿ ಮೃಣಾಲ ಇಣುಕಿದಳು. ನಾನು ಕೂಡಲೇ ಕೈ ಹಿಡಿದುಕೊಂಡು, ಇವಳಿಗೆ ತರಬೇತಿ ಕೊಡುತ್ತಿದ್ದೇನೆ ಎಂದೆ. ಅವಳು ಬಹಳ ಗಂಭೀರವಾಗಿ ತಲೆಯಾಡಿಸಿ ಬಾಗಿಲು ಎಳೆದುಕೊಂಡಳು.

ಕೊನೆಗೆ ಒಂದು ಜಂಪರ್ ಉಳಿಯಿತು. ಅದನ್ನು ಅಂಚಿನ ಒಂದೇ ಪಿನ್ನಿಗೆ ನೇತುಹಾಕು ಎಂದೆ. ನಮ್ಮ ಕಸುಬಿನಲ್ಲಿ ಅದೊಂದು ರೂಢಿ. ಬೇಡವಾದ ಜಂಪರನ್ನು ಎಸೆಯುವುದಿಲ್ಲ, ಒಂಟಿಗಾಲಲ್ಲಿ ನಿಲ್ಲಿಸಿರುತ್ತೇವೆ. ಆಗ ಅದು ಯಾವ ಎರಡನ್ನೂ ಕೂಡಿಸುವುದಿಲ್ಲ, ಯಾವ ಕೆಲಸವನ್ನೂ ಮಾಡುವುದಿಲ್ಲ, ಮುಂದೆ ಬೇಕಾದಾಗ ಕೈಗೆ ಸಿಗುತ್ತದೆ ಅಷ್ಟೆ. ಇದನ್ನು ವಿವರಿಸಿದಾಗ ಪದ್ಮಾ ಅದನ್ನು ನೇತುಹಾಕಿ, ತುಸು ಹೊತ್ತು ನೋಡಿ, "ರಿಟೈರ್ ಆದವರಂಗ," ಎಂದಳು.

ಕಂಪ್ಯೂಟರು ಶುರುವಾಯಿತು. ಪರದೆಯ ಮೇಲೆ ಎಂಟೂ ಯಂತ್ರಗಳು ಒಂದರ ಹಿಂದೊಂದು ಹಾಜರಿ ಹೇಳಿದವು. ತಾನಾಜಿ ಕಂಪ್ಯೂಟರಿಗೆ ಕೈಮುಗಿದ, ಆಮೇಲೆ ನನಗೆ. ಆಮೇಲೆ ಏನೋ ಯೋಚಿಸಿ ಪದ್ಮಾಳಿಗೂ ಮುಗಿದ. ನಾನು ಕಾರ್ಡಿನ ಬಗ್ಗೆ ಒಂದು ಸಣ್ಣ ಭಾಷಣ ಕೊಟ್ಟೆ. ಎಲ್ಲರೂ ಕೇಳಿದರು. ಯಾರ ಮುಖದಲ್ಲೂ ಏನೂ ಗೊತ್ತಾದ ಸುಳಿವಿರಲಿಲ್ಲ. ಗೆದ್ದೆ ಎಂದುಕೊಂಡೆ.

ಗಣಪತಿಯ ದರ್ಶನ ಮುಗಿಸಿ ಗಾಡಿಯಲ್ಲಿ ಕೂತ ಮೇಲೆ ಪದ್ಮಾ ಅರಳೆಯ ಚೀಲವನ್ನು ಪಕ್ಕಕ್ಕಿಟ್ಟಳು. ಗುಡಿಯ ಪ್ರಸಾದ ಬಿಚ್ಚುತ್ತ, "ಇಷ್ಟಕ್ಕ ಏನ್ರಿ ಇಷ್ಟು ವರ್ಷ ಮುಟ್ಟಗೊಡಲಿಲ್ಲ ನನಗ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ನಿಜವಾಗಿಯೂ ಆಶ್ಚರ್ಯದಿಂದ ಕೇಳಿದಳು. ನಾನು ಪ್ರಸಾದ ಬಾಯಿಗೆ ಹಾಕಿಕೊಂಡೆ.

ಆಗ ಮೇಜಿನ ಕೆಳಗೆ ಹಾರಿದ್ದರಲ್ಲಿ ಒಂದು ಬಹುಶಃ ಅವಳ ಅರಳೆಯ ಚೀಲ ಸೇರಿರಬೇಕು. ಆ ಚೀಲ ನಮ್ಮ ಅಡಿಗೆಮನೆಯಲ್ಲಿ ಬೇಳೆಯ ಡಬ್ಬಿಯ ಮೇಲೇ ಇರುತ್ತದೆ, ಅಲ್ಲಿಂದ ಬೇಳೆಗೆ ಉದುರಿರಬೇಕು. ಮೊನ್ನೆ ಜಂಪರ್ ಮೊರದಲ್ಲಿ ಸಿಕ್ಕಾಗ ಇದನ್ನೆಲ್ಲ ನೆನೆಯುತ್ತ ನಾನು ಕೂತೇ ಇದ್ದೆ, ಅಷ್ಟರಲ್ಲಿ ಫೋನು ಬಂತು. ತಾನಾಜಿ. ಕ್ಷೇಮಸಮಾಚಾರ ಒಂದೂ ಇಲ್ಲದೆ, "ಕಾಕಾ, ಕಾಕೂ ಆಹೇತ ಕಾ?" ಎಂದ. ಕಾಕೂ, ಅಂದರೆ ಪದ್ಮಾ, ಇದ್ದಾರಾ ಅಂತೆ. ನನ್ನ ಫೋನಿಗೆ ಬಂದ ಕರೆ ಅದು.

ಕೊಟ್ಟೆ. ಪದ್ಮಾ ಬೇಳೆಯ ಕೈಯಲ್ಲೇ ಮಾತಾಡಿದಳು. ಖಂಡೇನವಮಿ ಹತ್ತಿರ ಬಂತು, ಕಂಪ್ಯೂಟರಿನ ಒಳಗೆ ಮತ್ತೆ ಧೂಳು ತುಂಬಿದೆ, ಆದರೆ ಕಾಕೂ ಬರದೆ ಜಂಪರಿಗೆ ಯಾರೂ ಕೈಹಚ್ಚಬಾರದು ಎಂದು ಮೃಣಾಲ ಅಪ್ಪಣೆ ಮಾಡಿದ್ದಾಳೆ, ಗಾಡಿ ಕಳಿಸುತ್ತಾರೆ. ಇಷ್ಟು ನನಗೂ ಕೇಳುತ್ತಿತ್ತು. ನಾನು ಪೇಪರು ಓದುವವನಂತೆ ಮುಖದ ಮುಂದೆ ಹಿಡಿದು, ಅವಳೇನು ಹೇಳುತ್ತಾಳೆಂದು ಉಸಿರು ಹಿಡಿದು ಕೂತಿದ್ದೆ. ಪೇಪರು ಮಾತ್ರ ಗಾಳಿ ಇಲ್ಲದೆಯೂ ಸದ್ದು ಮಾಡುತ್ತಿತ್ತು.

"ಯೇತೇ ಕೀ. ಹ್ಯಾಂನಾ ಪಣ ಘೆಊನ ಯೇತೇ," ಎಂದಳು. ಬರುತ್ತೇನೆ, ಇವರನ್ನೂ ಕರೆದುಕೊಂಡು ಬರುತ್ತೇನೆ ಎಂದು. ಆ ಕಡೆಯಿಂದ ಅವನು ಏನೋ ಹೇಳಿದ. ಅವಳು ನಕ್ಕು ಫೋನು ಇಟ್ಟಳು.

ಏನಂದ ಎಂದು ಕೇಳಿದೆ.

"ಕಾಕಾಗ ಅರ್ಧಾ ಕಪ್ಪು ಚಹಾ, ನನಗ ನೆನಪದ ಅಂದಾ."

ಅಂದರೆ ಅವತ್ತೇ ಎಲ್ಲರಿಗೂ ಗೊತ್ತಾಗಿತ್ತು. ತಾನಾಜಿಗೆ ಗೊತ್ತಿತ್ತು. ಗಂಭೀರವಾಗಿ ತಲೆಯಾಡಿಸಿದ ಮೃಣಾಲಳಿಗೂ ಗೊತ್ತಿತ್ತು. ನನ್ನ ಭಾಷಣವನ್ನು ಅವರೆಲ್ಲ ನಿಂತು ಕೇಳಿದ್ದು, ಅವ್ವ ಚಿಮಣಿ ಹಿಡಿದು ನಿಂತ ಹಾಗೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಹಳ ದಿನದಿಂದ ಹಿಡಿದುಕೊಂಡೇ ಇದ್ದ ಬಲಗೈಯನ್ನು ಬಿಟ್ಟೆ. ಅದು ತನ್ನಷ್ಟಕ್ಕೆ ತಾನು ಕುಣಿಯಿತು, ಪೇಪರು ಮಡಚಿ ಕೆಳಗಿಟ್ಟೆ.

ಪದ್ಮಾ ಚಹಾ ಸೋಸಿ, ರೂಢಿಯಂತೆ ಅರ್ಧಕ್ಕೆ ನಿಲ್ಲಿಸಿದಳು. ಇನ್ನಷ್ಟು ಹಾಕು ಎಂದೆ.

"ಚೆಲ್ಲಿದ್ರ?"

"ಚೆಲ್ಲಲಿ."